ಲೈಬ್ರರಿ ತಗೊಳ್ಳಲಾ, ಹಾಡುವವರನ್ನೇ ಕರೆಯಲಾ?

ಪ್ರಶ್ನೆ: ಕಿರುಚಿತ್ರದ ಕೊನೆಯ ದೃಶ್ಯಕ್ಕೆ ಮಾತಿಲ್ಲದ ಒಂಟಿ ಹೆಣ್ಣು ದನಿ ಬೇಕು. 2 ನಿಮಿಷದ ಟ್ರ್ಯಾಕ್. ಸ್ಯಾಂಪಲ್ ಲೈಬ್ರರಿ (ಮೊದಲೇ ರೆಕಾರ್ಡ್ ಮಾಡಿಟ್ಟ ದನಿ, ಕೀಬೋರ್ಡ್‌ನಲ್ಲಿ ನುಡಿಸೋದು) ಸಾಕಾ? ಬಳಸಿದವರು ಹೇಳಿ.

ಉತ್ತರ 1: ಡೆಮೊ ಕೇಳಿ ಮರುಳಾಗಿ ತಗೊಂಡೆ. 14 ಜಿಬಿ ಇಳಿಸಿದ ಮೇಲೆ ಗೊತ್ತಾಯಿತು, ಅದಕ್ಕೆ ಪೂರ್ತಿ ಕಾಂಟ್ಯಾಕ್ಟ್ (ಲೈಬ್ರರಿ ನುಡಿಸುವ ಸಾಫ್ಟ್‌ವೇರ್, Kontakt) ಬೇಕು. ಉಚಿತ ಪ್ಲೇಯರ್‌ನಲ್ಲಿ ಸ್ವಲ್ಪ ಹೊತ್ತಿಗೇ ನಿಂತುಹೋಗುತ್ತದೆ. ಕಾಂಟ್ಯಾಕ್ಟ್‌ಗೆ ಲೈಬ್ರರಿಗಿಂತ ಜಾಸ್ತಿ ದುಡ್ಡು ಹೋಯಿತು. ಆಮೇಲೆ ಲೆಗಾಟೊ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನು ನಿಜಕ್ಕೂ ಹಾಡಿಸಿ ರೆಕಾರ್ಡ್ ಮಾಡಿದ್ದಾರೆ, ಚೆನ್ನಾಗಿದೆ. ಆದರೆ ಆ ಜಾರಿಕೆಯಿಂದಲೇ ಸ್ವರ ತಡವಾಗಿ ಮುಟ್ಟುತ್ತದೆ. ಒಂದೊಂದು ನೋಟನ್ನೂ ಹಿಂದಕ್ಕೆ ಎಳೆದು ಕೂರಿಸಿದೆ. 40 ಸೆಕೆಂಡಿಗೆ 3 ರಾತ್ರಿ! ಮಾರೋಣ ಅಂದರೆ ಲೈಸೆನ್ಸ್ ಬೇರೆಯವರ ಹೆಸರಿಗೆ ಹೋಗಲ್ಲ.

ಉತ್ತರ 2: ಟ್ರ್ಯಾಕ್‌ಗೆ ನೆಗೆಟಿವ್ ಡಿಲೇ ಹಾಕಿ ಇಡೀ ಟ್ರ್ಯಾಕನ್ನೇ ಚೂರು ಮೊದಲು ನುಡಿಯುವಂತೆ ಮಾಡಿದ್ದರೆ ಮುಗೀತಿತ್ತು. ಸುಮ್ನೆ ಲೈಬ್ರರಿ ಬೈಬೇಡಿ. ನಾನು 4 ವರ್ಷದಿಂದ ಒಂದನ್ನೇ ನುಡಿಸುತ್ತಿದ್ದೇನೆ. ಬಲಗೈ ಕೀಲಿಗಳ ಮೇಲೆ, ಎಡಗೈ ದನಿ ಏರಿಳಿಸುವ ಮಾಡ್ ವೀಲ್ (ಕೀಬೋರ್ಡ್‌ನ ಚಕ್ರ) ಮೇಲೆ. ಜೊತೆಗೆ ನಾನೂ ಗುನುಗುತ್ತೇನೆ. ನನ್ನ ಉಸಿರು ಮುಗಿದಲ್ಲಿ ಕೀಲಿ ಬಿಡುತ್ತೇನೆ, ಅಲ್ಲೊಂದು ಉಸಿರಿನ ಸ್ಯಾಂಪಲ್ ಇಡುತ್ತೇನೆ. ‘ಆ’ ಒಂದನ್ನೇ ಎಳೆದರೆ ಯಾರಿಗಾದರೂ ಗೊತ್ತಾಗುತ್ತದೆ. ಕೀಸ್ವಿಚ್‌ನಿಂದ (ದನಿಯ ಬಗೆ ಬದಲಿಸುವ ಕೀಲಿ) ‘ಊ’, ‘ಮ್’ ಬೆರೆಸಿ.

ಉತ್ತರ 1: ನಾನು ಬರೆದಿದ್ದು ಓದಿದಿರಾ? ನಿಧಾನ ಲೆಗಾಟೊ ತಡ ಬೇರೆ, ವೇಗದ್ದು ಬೇರೆ. ನೆಗೆಟಿವ್ ಡಿಲೇಗೆ ಇರುವುದು ಒಂದೇ ಸಂಖ್ಯೆ.

ಉತ್ತರ 2: ಎರಡು ಟ್ರ್ಯಾಕ್ ಮಾಡಿಕೊಳ್ಳಿ. ಅಷ್ಟೂ ತಾಳ್ಮೆ ಇಲ್ಲ ಅಂದರೆ ಏನು ಹೇಳೋದು.

ಉತ್ತರ 3: ನನ್ನ ಗಾಯ ಇನ್ನೂ ಮಾಗಿಲ್ಲ. ಸಿದ್ಧ ಫ್ರೇಸ್‌ (ಮೊದಲೇ ಹಾಡಿಟ್ಟ ರಾಗದ ತುಣುಕು) ಇರುವ ಲೈಬ್ರರಿ ಬಳಸಿದ್ದೆ. ಕೆಲಸ ಒಪ್ಪಿಸಿ 2 ವಾರಕ್ಕೆ ನಿರ್ದೇಶಕರು ಲಿಂಕ್ ಕಳಿಸಿದರು. ಬೇರೆ ಯಾರದೋ ವೀಡಿಯೊ, ಅದೇ ದನಿ, ಅದೇ ತಿರುವು. ತಪ್ಪು ಯಾರದೂ ಅಲ್ಲ, ದುಡ್ಡು ಕೊಟ್ಟವರೆಲ್ಲ ಬಳಸಬಹುದು. ಆದರೆ ನನ್ನ ಮಾತು ಅವರು ನಂಬಲಿಲ್ಲ. ಈಗ ಹಾಡುವವರನ್ನೇ ಕರೆಯುತ್ತೇನೆ. ಕಳೆದ ಸಲ 3 ಗಂಟೆ, 22 ಟೇಕ್. ಇಟ್ಟುಕೊಂಡಿದ್ದು 17ನೆಯದು. ಕೊನೇ ಸ್ವರದಲ್ಲಿ ಅವರ ಗಂಟಲು ಚೂರು ಒಡೆಯಿತು. ಅದನ್ನು ಯಾವ ವೀಲ್ ತಿರುಗಿಸಿದರೂ ತರೋಕಾಗಲ್ಲ.

ಉತ್ತರ 2: ಫ್ರೇಸ್‌ ಹಾಗೇ ಎತ್ತಿಟ್ಟರೆ ಹೀಗೇ ಆಗೋದು. ಎಲ್ಲರ ಮನೇಲೂ ಮೈಕ್, ಸ್ಟುಡಿಯೊ ಇರಲ್ಲ ಸ್ವಾಮಿ.

ಉತ್ತರ 3: ನನ್ನ ಮನೇಲೂ ಸ್ಟುಡಿಯೊ ಇಲ್ಲ. ಬಟ್ಟೆ ಕಪಾಟು ತೆಗೆದು, ನೇತುಹಾಕಿದ ಕಂಬಳಿಗಳ ಮಧ್ಯೆ ನಿಲ್ಲಿಸಿ ಹಾಡಿಸಿದ್ದು.