ರಾಮನವಮಿ ಸಂಗೀತ ಕಚೇರಿಗೆ ಅಪ್ಪ-ಅಮ್ಮನನ್ನು ಕರೆದೊಯ್ಯಬೇಕು: ಕುರ್ಚಿ, ಕಿವಿ ಮಿಷನ್, ಇನ್ಸುಲಿನ್ ಬಗ್ಗೆ ಸಲಹೆ ಬೇಕು

ಬನಶಂಕರಿ_ಮಗಳು ಕೇಳಿದ್ದು:

ಬೆಂಗಳೂರಿನ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಸಂಗೀತೋತ್ಸವಕ್ಕೆ ಈ ಸಲ ಇಬ್ಬರನ್ನೂ ಕರೆದುಕೊಂಡು ಹೋಗಬೇಕು ಅಂತಿದೆ. ಅಪ್ಪನಿಗೆ 82, ಎರಡೂ ಕಿವಿಗೆ ಮಿಷನ್, ರಾತ್ರಿ ಊಟಕ್ಕೆ ಮುಂಚೆ ಇನ್ಸುಲಿನ್. ಅಮ್ಮನಿಗೆ 77, ಮಂಡಿ ಸವೆದಿದೆ. ಕೋಲು ಹಿಡಿದು ನೂರು ಮೀಟರ್ ನಡೀತಾರೆ, ಆದರೆ ಕೂತರೆ ಏಳೋದು ಕಷ್ಟ. ಬಿ.ಪಿ. ಜೊತೆಗೆ ಮೂತ್ರ ಹೋಗುವ ಮಾತ್ರೆಯೂ ಇದೆ. ಮನೆ ಬನಶಂಕರಿ.

ಮೆಟ್ರೋನಾ, ಕ್ಯಾಬಾ? ಎಲ್ಲಿ ಕೂರಿಸೋದು? "ಮಿಷನ್ ಹಾಕಿದರೆ ಪಿಟೀಲು ನಡುಗುತ್ತೆ, ತೆಗೆದರೆ ಏನೂ ಕೇಳಲ್ಲ" ಅಂತಾರೆ ಅಪ್ಪ, ಅದಕ್ಕೇನು ದಾರಿ? ಶುರುವಿಗೇ ಹೋಗಿ ಒಂದು ಗಂಟೆ ಕೂತು ಎದ್ದು ಬರೋಣ ಅಂದುಕೊಂಡಿದ್ದೇನೆ.

ಪೆಂಡಾಲ್_ಬದಿ:

ಆ ಕೊನೆಯ ಯೋಚನೆಯನ್ನು ಮೊದಲು ಬಿಡಿ ಮೇಡಂ. ವಯಸ್ಸಾದವರನ್ನು ಕರೆತರುವವರಲ್ಲಿ ಮುಕ್ಕಾಲು ಜನ ಮಾಡುವ ತಪ್ಪು ಅದು. ಎರಡೂವರೆ ಗಂಟೆಯ ಕಚೇರಿ ಸಾಮಾನ್ಯವಾಗಿ ಹೀಗೆ ಸಾಗುತ್ತದೆ: ಶುರುವಿನ ರಚನೆಯಾದ ವರ್ಣ ಎಂಟು-ಹತ್ತು ನಿಮಿಷ, ಆಮೇಲೆ ಎರಡು ಮೂರು ಚುರುಕು ಕೃತಿ, ಸ್ವಲ್ಪ ವಿಸ್ತಾರವಾಗಿ ಹಾಡುವ ಉಪಪ್ರಧಾನ ರಾಗ. ಹೆಚ್ಚುಕಡಿಮೆ 70ನೇ ನಿಮಿಷಕ್ಕೆ ಪ್ರಧಾನ ರಾಗದ ಆಲಾಪನೆ, ಅದರ ಕೃತಿ, ನೆರವಲ್ (ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸಿ ಹಾಡೋದು), ಸ್ವರ, ಹತ್ತು-ಹದಿನೈದು ನಿಮಿಷ ತನಿ (ಮೃದಂಗದಂಥ ತಾಳವಾದ್ಯದವರಷ್ಟೇ ನುಡಿಸುವ ಭಾಗ). ಇದೆಲ್ಲ ಮುಗಿದ ಮೇಲೆ ಉಳಿಯೋದು 25-30 ನಿಮಿಷ. ದಾಸರ ಪದ, ಉಗಾಭೋಗ, ಜತಿಗಳೇ ತುಂಬಿದ ಚುರುಕು ತಿಲ್ಲಾನ ಬರುವುದೆಲ್ಲ ಅಲ್ಲಿ. ನಿಮ್ಮ ತಾಯಿ ಬಾಯಲ್ಲೇ ಹೇಳಿಕೊಳ್ಳುವಂಥ ದೇವರನಾಮಗಳೂ ಅಲ್ಲೇ. ಒಂದು ಗಂಟೆಗೆ ಎದ್ದು ಹೊರಟರೆ ಅವರಿಗೆ ಬೇಕಾದದ್ದೇ ತಪ್ಪಿಹೋಗುತ್ತದೆ.

ಹಾಗಾಗಿ ಕಚೇರಿ ಶುರುವಾಗಿ 50-60 ನಿಮಿಷ ಆದ ಮೇಲೆ ಬನ್ನಿ, ಮಂಗಳ ಕೇಳಿ ಹೊರಡಿ. ಬಿಸಿಲಿನ ಧಗೆಯೂ ಅಷ್ಟೊತ್ತಿಗೆ ಇಳಿದಿರುತ್ತದೆ. ಒಂದೇ ತೊಂದರೆ, ಬದಿಯ ಕುರ್ಚಿಗಳು ಆ ವೇಳೆಗೆ ತುಂಬಿರುತ್ತವೆ. ಮನೆಯವರೊಬ್ಬರು ಮುಂಚೆ ಬಂದು ನಡುದಾರಿ ಪಕ್ಕದ ಮೂರು ಕುರ್ಚಿ ಹಿಡಿದಿರಲಿ. ಒಂದು ಕೃತಿ ಮುಗಿದು ಚಪ್ಪಾಳೆ ಬೀಳುವಾಗ ಇವರನ್ನು ಒಳಗೆ ಕರೆದುಕೊಳ್ಳಿ.

ಕುರ್ಚಿ ವಿಷಯ. ಪೆಂಡಾಲಿನ ಪ್ಲಾಸ್ಟಿಕ್ ಕುರ್ಚಿ ಮಂಡಿ ನೋವಿನವರಿಗೆ ತಗ್ಗು, ಭಾರ ಬಿದ್ದರೆ ಕಾಲು ಅಗಲವಾಗಿ ಇನ್ನಷ್ಟು ಕುಸಿಯುತ್ತದೆ. ಒಂದೇ ನಮೂನೆಯ ಎರಡು ಕುರ್ಚಿಗಳನ್ನು ಒಂದರೊಳಗೊಂದು ಕೂರಿಸಿ. ಮೂರು ನಾಲ್ಕು ಸೆಂಟಿಮೀಟರ್ ಎತ್ತರ ಸಿಗುತ್ತದೆ, ಕಾಲೂ ಬಾಗುವುದಿಲ್ಲ. ಅದರ ಮೇಲೆ ಎರಡು ಇಂಚಿನ ಗಟ್ಟಿ ದಿಂಬು. ಮೆತ್ತನೆ ಸ್ಪಂಜು ಬೇಡ, ಕೂತ ತಕ್ಷಣ ಅಪ್ಪಚ್ಚಿಯಾಗಿ ಇದ್ದ ಎತ್ತರವೂ ಹೋಗುತ್ತದೆ. ಕೈ ಇರುವ ಕುರ್ಚಿಯೇ ಆಗಬೇಕು. ಏಳುವಾಗ ಪೃಷ್ಠವನ್ನು ಕುರ್ಚಿಯ ಅಂಚಿಗೆ ಸರಿಸಿ, ಪಾದ ಹಿಂದಕ್ಕೆಳೆದು, ಎರಡೂ ಕೈ ಊರಿ ಮುಂದಕ್ಕೆ ಬಾಗಿ ಏಳಲಿ. ಕಂಕುಳಿಗೆ ಕೈ ಹಾಕಿ ಎತ್ತಬೇಡಿ, ಭುಜ ಹಿಡಿದುಕೊಳ್ಳುತ್ತದೆ.

ಹೋಗುವಾಗ ಮೆಟ್ರೋ ಸಲೀಸು. ಮೈದಾನಕ್ಕೆ ಹತ್ತಿರದ ಕೆ.ಆರ್. ಮಾರುಕಟ್ಟೆ ಬನಶಂಕರಿಯಿಂದ ಹಸಿರು ಮಾರ್ಗದಲ್ಲಿ ಆರನೇ ಸ್ಟೇಷನ್, ಗಾಡಿ ಬದಲಿಸುವಂತಿಲ್ಲ. ಲಿಫ್ಟ್ ಯಾವ ದ್ವಾರದ ಕಡೆ ಮೇಲೆ ಬರುತ್ತದೆ ಎಂದು ಕೆಳಗೇ ಕೇಳಿಕೊಳ್ಳಿ. ತಪ್ಪು ಕಡೆ ಬಂದರೆ ಆ ಟ್ರಾಫಿಕ್ಕಿನಲ್ಲಿ ರಸ್ತೆ ದಾಟಬೇಕಾದೀತು. ವಾಪಸ್ ಬರುವಾಗ ಸುಸ್ತಾಗಿರುತ್ತಾರೆ, ಕ್ಯಾಬ್ ಮಾಡಿ. ಸೀಟು ಎತ್ತರ ಇರುವ ಗಾಡಿ ಇರಲಿ. ಮೊದಲು ಸೀಟಿನ ಮೇಲೆ ಅಡ್ಡ ಕೂತು, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತರಬೇಕು. ಮಂಗಳ ಮುಗಿದ ಮೇಲೆ ಬುಕ್ ಮಾಡಿದರೆ ಎಲ್ಲರೂ ಅದೇ ಹೊತ್ತಿಗೆ ಬುಕ್ ಮಾಡುತ್ತಿರುತ್ತಾರೆ. ತಿಲ್ಲಾನ ಶುರುವಾದಾಗಲೇ ಮಾಡಿಬಿಡಿ.

ಕಿವಿಮಾತು:

ಪಿಟೀಲು ನಡುಗುವುದು ನಿಮ್ಮ ತಂದೆಯವರ ಭ್ರಮೆಯಲ್ಲ. ಕಿವಿ ಮಿಷನ್ ತಯಾರಾಗಿರೋದು ಮಾತು ಕೇಳಿಸಲು. ಸೀಟಿ ಹೊಡೆಯದಂತೆ ತಡೆಯುವ ವ್ಯವಸ್ಥೆಯೊಂದು ಅದರೊಳಗಿದೆ. ಪಿಟೀಲು, ಕೊಳಲಿನ ಎಳೆದ ಸ್ವರವನ್ನು ಅದು ಸೀಟಿಯೆಂದೇ ತಿಳಿದು ಅಳಿಸಲು ಹೋಗುತ್ತದೆ. ತಂಬೂರಿಯನ್ನು ಫ್ಯಾನಿನ ಸದ್ದಿನ ಹಾಗೆ ಗದ್ದಲವೆಂದು ಲೆಕ್ಕ ಹಾಕಿ ತಗ್ಗಿಸುತ್ತದೆ. ಮಿಷನ್ ಕೊಟ್ಟ ಆಡಿಯಾಲಜಿಸ್ಟ್ ಹತ್ತಿರ "ಸಂಗೀತಕ್ಕೆ ಬೇರೆ ಪ್ರೋಗ್ರಾಂ ಹಾಕಿಕೊಡಿ" ಅನ್ನಿ. ಗದ್ದಲ ತಗ್ಗಿಸುವುದು ಬಂದ್, ಸೀಟಿ ತಡೆ ಬಂದ್ ಅಥವಾ ಕನಿಷ್ಠ, ಮಿಷನ್ನಿನ ಮೈಕು ಎಲ್ಲ ದಿಕ್ಕಿಗೂ ತೆರೆದಿರಲಿ. ಇಷ್ಟು ಹೇಳಿದರೆ ಅವರಿಗೆ ಅರ್ಥವಾಗುತ್ತದೆ. ಕಚೇರಿಗೆ ಒಂದು ವಾರ ಮುಂಚೆ ಮಾಡಿಸಿ, ಮನೆಯಲ್ಲಿ ಸಂಗೀತ ಹಾಕಿ ನೋಡಿ.

ಇನ್ನೊಂದು ಕಾಟ: ಮೃದಂಗದ ಪೆಟ್ಟಿಗೆ ಸ್ವರ ಒಡೆದು ಕೇಳುವುದು. ಮಿಷನ್ನಿನ ವಾಲ್ಯೂಮ್ ತಗ್ಗಿಸಿದರೂ ಇದು ಹೋಗದು, ಏಕೆಂದರೆ ಸದ್ದು ಒಡೆಯುವುದು ಮಿಷನ್ನಿನ ಮೈಕಿನ ಹತ್ತಿರವೇ, ಒಳಗೆ ಬರುವಾಗಲೇ. ಮೈಕಿನ ತೂತಿನ ಮೇಲೆ ಸಣ್ಣ ಸೆಲೋಟೇಪ್ ತುಂಡು ಅಂಟಿಸಿ. ಒಂದು ಪದರ ಸಾಲದಿದ್ದರೆ ಎರಡು. ಮನೆಗೆ ಬಂದ ಮೇಲೆ ಕೀಳಲು ಮರೆತರೆ ಮಾರನೇ ದಿನ "ಮಿಷನ್ ಕೆಟ್ಟಿದೆ" ಅಂತಾರೆ!

ಕೂರುವ ಜಾಗ: ಸ್ಪೀಕರ್ ಎದುರು ಬೇಡ, ಮುಂದಿನ ಸಾಲು ಬೇಡವೇ ಬೇಡ. ಆರರಿಂದ ಹತ್ತನೇ ಸಾಲು, ನಡುದಾರಿ ಪಕ್ಕ. ಪೆಡೆಸ್ಟಲ್ ಫ್ಯಾನಿನ ನೇರಕ್ಕೂ ಕೂರಿಸಬೇಡಿ. ಗಾಳಿ ಮೈಕಿಗೆ ಹೊಡೆದು ಗರ್ರನೆ ಸದ್ದು ಬರುತ್ತದೆ, ಹಾಡು ಅದರಲ್ಲಿ ಮುಳುಗಿಹೋಗುತ್ತದೆ. ಸೆಲ್ ಹಾಕುವ ಮಿಷನ್ ಆದರೆ ಹೊಸ ಜೋಡಿ ಜೇಬಿನಲ್ಲಿರಲಿ. ಸ್ಟಿಕ್ಕರ್ ಕಿತ್ತು ಒಂದೆರಡು ನಿಮಿಷ ಗಾಳಿಗೆ ಬಿಟ್ಟು ಹಾಕಿ.

ರಾತ್ರಿಪಾಳಿ_ನರ್ಸ್:

ಇನ್ಸುಲಿನ್ ಬಗ್ಗೆ ಎಚ್ಚರಿಕೆ. "ಬರೋದು ಲೇಟಾಗುತ್ತೆ" ಅಂತ ಮನೆಯಲ್ಲೇ ಚುಚ್ಚಿಕೊಂಡು ಹೊರಡುವವರಿದ್ದಾರೆ. ಊಟಕ್ಕೆ ಮುಂಚಿನ ಡೋಸ್ ಊಟದ ಜೊತೆಗೇ ಹೋಗಬೇಕು, ಇಲ್ಲದಿದ್ದರೆ ತನಿ ನಡೆಯುವಾಗ ಸಕ್ಕರೆ ಇಳಿಯುತ್ತದೆ. ಸಂಜೆ ಬೇಗ ಊಟ ಮಾಡಿಸಿ ಹೊರಡುವುದೋ, ಬಂದ ಮೇಲೆ ಡೋಸ್-ಊಟ ಎರಡೂ ಮಾಡಿಸುವುದೋ ಎಂದು ಅವರ ಡಾಕ್ಟರನ್ನು ಕೇಳಿ ಇಟ್ಟುಕೊಳ್ಳಿ. ಬೆವರು, ನಡುಕ, ಸುಮ್ಮನೆ ಸಿಡುಕುವುದು ಕಂಡರೆ ಮೂರು ಟೀ ಚಮಚ ಗ್ಲೂಕೋಸ್ ಪುಡಿ ಅರ್ಧ ಲೋಟ ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷ ಬಿಟ್ಟು ಸಕ್ಕರೆ ನೋಡಿ. ಬಿಸ್ಕತ್ತು ಆಮೇಲೆ. ಎಚ್ಚರ ತಪ್ಪುತ್ತಿದ್ದರೆ ಬಾಯಿಗೆ ಏನನ್ನೂ ಹಾಕಬೇಡಿ, 108ಕ್ಕೆ ಫೋನ್ ಮಾಡಿ.

ಮೂತ್ರದ ಮಾತ್ರೆ ಫ್ಯುರೋಸೆಮೈಡ್ ಬಗೆಯದಾದರೆ ನುಂಗಿದ ಒಂದು ಗಂಟೆಯೊಳಗೆ ಶುರುವಾಗಿ ಸುಮಾರು ಆರು ಗಂಟೆ ಕೆಲಸ ಮಾಡುತ್ತದೆ. ಬೆಳಿಗ್ಗೆ ಎಂಟಕ್ಕೆ ತೆಗೆದುಕೊಂಡರೆ ಸಂಜೆ ತೊಂದರೆಯಿಲ್ಲ. ಮಧ್ಯಾಹ್ನ ಇನ್ನೊಂದು ಇದ್ದರೆ ಆ ದಿನ ಹೇಗೆ ಎಂದು ಕೇಳಿ, ನೀವೇ ಬಿಡಿಸಬೇಡಿ. ಹೆಂಗಸರು ಶೌಚಾಲಯಕ್ಕೆ ಹೆದರಿ ಮಧ್ಯಾಹ್ನದಿಂದಲೇ ನೀರು ಬಿಟ್ಟುಬಿಡುತ್ತಾರೆ. ಸೆಖೆಯಲ್ಲಿ ಬಿ.ಪಿ. ಮಾತ್ರೆಯೂ ಸೇರಿದರೆ ಎದ್ದು ನಿಂತ ಕೂಡಲೇ ತಲೆ ತಿರುಗುತ್ತದೆ. ಏಳುವ ಮುಂಚೆ ಕೂತಲ್ಲೇ ಪಾದ ಹತ್ತು ಹದಿನೈದು ಸಲ ಮೇಲೆ ಕೆಳಗೆ ಆಡಿಸಲಿ. ಎದ್ದ ಮೇಲೆ ಕುರ್ಚಿ ಹಿಡಿದು ಒಂದು ನಿಮಿಷ ನಿಲ್ಲಲಿ, ಆಮೇಲೆ ಹೆಜ್ಜೆ.

ಬನಶಂಕರಿ_ಮಗಳು:

ತುಂಬಾ ಥ್ಯಾಂಕ್ಸ್. ಅಮ್ಮನಿಗೆ ವೀಲ್‌ಚೇರ್ ತರಲಾ? ಮತ್ತೆ, ತನಿ ಹೊತ್ತಿಗೆ ಎದ್ದು ಶೌಚಾಲಯಕ್ಕೆ ಹೋಗಬಹುದಾ? ಅಪ್ಪ ಮಾತ್ರ ಸುತರಾಂ ಒಪ್ಪಲ್ಲ, ಮೃದಂಗದವರಿಗೆ ಅವಮಾನ ಅಂತಾರೆ.

ಪೆಂಡಾಲ್_ಬದಿ:

ನಿಮ್ಮ ತಂದೆಯವರು ಹೇಳೋದೇ ಸರಿ. ಅಲ್ಲದೆ ತನಿಯಲ್ಲಿ ಇಡೀ ಸಭೆ ಏಳುವುದರಿಂದ ಆಗಲೇ ಅಲ್ಲಿ ಸಾಲು ದೊಡ್ಡದು. ಉಪಪ್ರಧಾನ ಮುಗಿದು, ಪ್ರಧಾನ ರಾಗಕ್ಕೆ ಮುಂಚೆ ಶ್ರುತಿ ನೋಡಿಕೊಳ್ಳುವಾಗ ಏಳಿಸಿ. ನೀವು ತಡವಾಗಿ ಬರುವುದಾದರೆ ಬಂದವರೇ ಮೊದಲು ಅಲ್ಲಿಗೆ ಹೋಗಿ, ಆಮೇಲೆ ಕೂರಿ. ಕುರ್ಚಿ ಹಿಡಿಯಲು ಮುಂಚೆ ಬಂದವರು ಶೌಚಾಲಯದ ಒಳಗೇ ಹೋಗಿ ನೋಡಿರಲಿ: ಕಮೋಡ್ ಇದೆಯೇ, ಹೊಸ್ತಿಲು ಎಷ್ಟು ಎತ್ತರ, ದೀಪ ಉರಿಯುತ್ತದೆಯೇ, ನೆಲ ಒದ್ದೆಯೇ. "ವ್ಯವಸ್ಥೆ ಇದೆ" ಎಂದು ಬಾಯಲ್ಲಿ ಹೇಳುವವರ ಮಾತಿಗೆ ಮಂಡಿ ನೋವಿನವರನ್ನು ನಡೆಸಬೇಡಿ.

ವೀಲ್‌ಚೇರ್ ಸ್ಟೇಷನ್ನಿನಿಂದ ಗೇಟಿನವರೆಗೆ ಒಳ್ಳೆಯದೇ. ಮೈದಾನದ ಮಣ್ಣು, ನೆಲಹಾಸಿನ ಅಂಚು ಬಂದಾಗ ಮುಂದಿನ ಪುಟ್ಟ ಚಕ್ರ ಸಿಕ್ಕಿಕೊಂಡು ಕೂತವರು ಮುಗ್ಗರಿಸುತ್ತಾರೆ. ಅಲ್ಲಿ ಕುರ್ಚಿ ತಿರುಗಿಸಿ ಹಿಮ್ಮುಖವಾಗಿ ಎಳೆಯಿರಿ, ದೊಡ್ಡ ಚಕ್ರ ಮೊದಲು ದಾಟಲಿ. ಪೆಂಡಾಲಿನೊಳಗೆ ಅದರಲ್ಲೇ ಕೂರಿಸಿದರೆ ಬ್ರೇಕ್ ಹಾಕಿ, ಕಾಲಿಡುವ ಪಟ್ಟಿ ಮಡಿಸಿ, ಪಾದ ನೆಲಕ್ಕೆ ತಾಗುವಂತಿರಲಿ. ಯುಗಾದಿ ಕಳೆದ ಮೇಲಿನ ಸಂಜೆಮಳೆಗೆ ಹೊತ್ತು ಗೊತ್ತಿಲ್ಲ. ಕುರ್ಚಿ ಹಿಡಿಯುವಾಗ ಒಮ್ಮೆ ಮೇಲೆ ನೋಡಿ, ಎರಡು ಶೀಟು ಸೇರುವ ಗೆರೆಯ ಕೆಳಗೆ ಬೇಡ.