ಮಗಳು ದೊಡ್ಡವಳಾದ ಮೇಲೂ ನೆನಪಿಡುವ ಕಾರ್ಟೂನ್ ಸಿನಿಮಾ ಯಾವುದು? ನೋಡಿದವರು, ತೋರಿಸಿದವರು ಹೇಳಿ

ಸಪ್ತಾಪುರದವ
ನಮಸ್ಕಾರ. ಧಾರವಾಡದಲ್ಲಿದ್ದೇವೆ. ಮಗಳಿಗೆ ಆರು ವರ್ಷ. ದಸರಾ ರಜೆಗೆ ತಂಗಿಯ ಇಬ್ಬರು ಹುಡುಗರು ಬರುತ್ತಾರೆ. ಅವ್ವನೂ ಇರುತ್ತಾಳೆ, ಅವಳಿಗೆ ಕನ್ನಡ ಬಿಟ್ಟು ಬೇರೆ ಬರಲ್ಲ. ಎಲ್ಲರೂ ಒಟ್ಟಿಗೆ ಕೂತು ನೋಡುವಂಥ ಒಂದು ಅನಿಮೇಷನ್ ಸಿನಿಮಾ ಬೇಕು. ಒಂದು ವಾರ ಕುಣಿದು ಮರೆಯುವಂಥದ್ದಲ್ಲ. ಮಗಳು ಮುಂದೆ ತನ್ನ ಮಕ್ಕಳಿಗೂ ತೋರಿಸುವಂಥದ್ದು. ಇದು ಉಳಿಯುತ್ತೆ, ಇದು ಉಳಿಯಲ್ಲ ಅಂತ ಹೇಗೆ ಗೊತ್ತಾಗುತ್ತೆ? ಟಿವಿ 32 ಇಂಚು. ಎಂಟು ಸಾವಿರದೊಳಗೆ ಪ್ರೊಜೆಕ್ಟರ್ ಸಿಕ್ಕರೆ ತಗೊಳ್ಳೋಣ ಅಂತಲೂ ಇದೆ.

ಬೆಟಗೇರಿ ಅಕ್ಕ
ನನ್ನದು ಹೇಳ್ತೀನಿ ಕೇಳಿ. ಮಗನಿಗೆ ನಾಲ್ಕು ವರ್ಷ ಇದ್ದಾಗ 'ಫೈಂಡಿಂಗ್ ನೀಮೋ' ಡಿವಿಡಿ ತಂದೆವು, ಆ ಮೀನಿನ ಸಿನಿಮಾ. ಒರಿಜಿನಲ್, 399 ರೂಪಾಯಿ. ಬೇಸಿಗೆ ಪೂರ್ತಿ ದಿನಕ್ಕೆ ಎರಡು ಸಲ. ಮೂರನೇ ವಾರಕ್ಕೆ ಗೀರು ಬಿದ್ದು, ಶಾರ್ಕ್ ಬಾಯಿ ತೆರೆದಲ್ಲೇ ನಿಂತುಬಿಡೋದು. ಯಾರೋ ಹೇಳಿದರು ಅಂತ ಟೂತ್‌ಪೇಸ್ಟ್ ಹಚ್ಚಿ ಉಜ್ಜಿದೆ. ಪೂರಾ ಹೋಯ್ತು. ಮತ್ತೆ 399. ಆಮೇಲೆ ಪ್ಲೇಯರಿನ ಲೆನ್ಸ್, 650. ರಿಪೇರಿಯವನು "ಅಕ್ಕಾರ, ಬ್ಯಾರೆ ಸಿನಿಮಾ ಹಚ್ಚ್ರಿ, ಲೆನ್ಸಿಗೂ ಬ್ಯಾಸರ ಬಂದೈತಿ" ಅಂದ.

ನಾನು ಅದನ್ನು ನೋಡಿದ್ದಕ್ಕಿಂತ ರೊಟ್ಟಿ ಬಡಿಯುತ್ತ ಕೇಳಿದ್ದೇ ಜಾಸ್ತಿ. ಒಂದು ದಿನ ಹೊರಗೆ ಬಂದು ಶುರುವಿನಿಂದ ಕೂತೆ. ಮೊದಲ ಐದು ನಿಮಿಷದಲ್ಲೇ ತಾಯಿ ಮೀನು ಹೋಗುತ್ತೆ. ನಾನೂರಕ್ಕೂ ಜಾಸ್ತಿ ಮೊಟ್ಟೆಯಲ್ಲಿ ಒಂದೇ ಉಳಿಯುತ್ತೆ. ಅದಕ್ಕೇ ಆ ಅಪ್ಪ ಮಗನನ್ನು ಕಣ್ಣಳತೆಯಿಂದ ಆಚೆ ಬಿಡಲ್ಲ. ನನ್ನ ಮಗನಿಗೆ ಅದು ಮರಿ ಮೀನಿನ ಸಾಹಸ. ನನಗೆ ಹೆದರಿದ ಅಪ್ಪನ ಕಥೆ. ಆ ವರ್ಷ ನಾನೂ ಮಗನನ್ನು ಶಾಲೆ ವ್ಯಾನಿಗೆ ಹತ್ತಿಸಲು ಧೈರ್ಯವಿಲ್ಲದೆ ದಿನಾ ನಡೆಸಿಕೊಂಡೇ ಹೋಗುತ್ತಿದ್ದೆ. ಅವತ್ತು ಹಂಚಿನ ಮೇಲಿನ ರೊಟ್ಟಿ ಕರಕಲಾಯ್ತು. ಅದೇ ತಗೊಳ್ಳಿ, ಬೇರೆ ಹುಡುಕಬೇಡಿ.

ಗೋಕುಲ ರೋಡ್ 7 ಟಿಕೆಟ್
ಅಕ್ಕಾರ, ಆರು ವರ್ಷದ ಮಗುವಿಗೆ ತಾಯಿ ಸಾಯೋ ಸಿನಿಮಾ ಯಾಕೆ? ಮನೆಗೆ ಬಂದ ಹುಡುಗರು ರಾತ್ರಿ ಎದ್ದು ಅತ್ತರೆ ಸುಮ್ಮನಿರಿಸೋರು ಯಾರು?

ನಮ್ಮದು ಕೇಳಿ. ಹೋದ ವರ್ಷ ಮಾಲ್‌ಗೆ ಏಳು ಜನ ಹೋದೆವು. ಟಿಕೆಟ್ 250ರಂತೆ 1,750. ತ್ರೀಡಿ ಕನ್ನಡಕಕ್ಕೆ ತಲಾ 30, ಅದು 210. ಪಾಪ್‌ಕಾರ್ನ್ ಎರಡು ಬಕೆಟ್ 960. ಆಟೋ ಹೋಗಿ ಬರಲು 320. ಒಟ್ಟು 3,240. ಸಣ್ಣವಳು ಕನ್ನಡಕ ಬೇಡ ಅಂತ ಒಂದೇ ಸಮನೆ ಅತ್ತಳು. ಅರ್ಧ ಸಿನಿಮಾ ನಾನು ಹೊರಗೇ ಇದ್ದೆ. ಅವಳನ್ನು ಎಸ್ಕಲೇಟರ್ ಹತ್ತಿಸೋದು, ಇಳಿಸೋದು. ಹನ್ನೊಂದು ಸಲ, ಲೆಕ್ಕ ಇಟ್ಟಿದ್ದೇನೆ. ಆ ಸಿನಿಮಾದ ಹೆಸರು ಈಗ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಎಸ್ಕಲೇಟರ್ ನೆನಪಿದೆ. ಜೋಕೆಲ್ಲ ಆ ವರ್ಷದ ಮೊಬೈಲು, ಆ ವರ್ಷದ ಡ್ಯಾನ್ಸು. ಮರುದಿನಕ್ಕೆ ಹಳಸಿದ ಅನ್ನ.

ಸಾಧನಕೇರಿ ಡ್ರಾಯಿಂಗ್ ಮಾಸ್ತರ
7 ಟಿಕೆಟ್ ಅವರೇ, 1942ರ 'ಬ್ಯಾಂಬಿ'ಯಲ್ಲೂ ತಾಯಿ ಜಿಂಕೆ ಸಾಯುತ್ತೆ. ಎಂಬತ್ತು ವರ್ಷದಿಂದ ಮಕ್ಕಳು ನೋಡ್ತಾನೇ ಇದ್ದಾರೆ. ಪಾಪ್‌ಕಾರ್ನ್ ಲೆಕ್ಕದಿಂದ ಸಿನಿಮಾ ಅಳೆಯಬೇಡಿ.

ನೀವೆಲ್ಲ ನೋಡಿದವರು. ನಾನು ಬಿಡಿಸಿದವನು. ಅಜ್ಜಿ ಮೊರದಲ್ಲಿ ಜೋಳ ಕೇರುವುದು, ಅಷ್ಟೇ ಕಥೆ, ಎರಡು ನಿಮಿಷ. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್ ಓಡುತ್ತೆ. ಒಂದು ಚಿತ್ರವನ್ನು ಎರಡು ಫ್ರೇಮ್ ಹಿಡಿದರೂ ಸೆಕೆಂಡಿಗೆ 12 ಚಿತ್ರ, ಎರಡು ನಿಮಿಷಕ್ಕೆ 1,440. ಪೇಪರ್ ಮೂರು ರೀಮ್, 810 ರೂಪಾಯಿ. ಗಾಜಿನ ಕೆಳಗೆ ಟ್ಯೂಬ್‌ಲೈಟ್ ಇಟ್ಟ ಮೇಜು, ಬಡಿಗನ ಕೂಲಿ ಸೇರಿ 1,900. ಎಂಟು ತಿಂಗಳು. 900ನೇ ಚಿತ್ರಕ್ಕೆ ಬಂದಾಗ ನೋಡಿದರೆ ಅಜ್ಜಿಯ ಸೆರಗು ಎಡ ಹೆಗಲಿಂದ ಬಲಕ್ಕೆ ಹೋಗಿದೆ! ಹಿಂದಿನ 300 ಹರಿದು ಮತ್ತೆ ಬಿಡಿಸಿದೆ. ಎಲ್ಲ ಮುಗಿಸಿ ಮನೆಯವಳಿಗೆ ತೋರಿಸಿದರೆ "ಜ್ವಾಳ ಮ್ಯಾಲ ಹೋಗ್ತದ, ಆದ್ರ ಅದಕ್ಕ ತೂಕಾನ ಇಲ್ಲಲ್ಲ" ಅಂದಳು. ನಿಜ. ಮೇಲೆ ಹೋದ ಕಾಳು ಬೀಳುವ ಮುಂಚೆ ಒಂದು ಗಳಿಗೆ ನಿಲ್ಲಬೇಕು. ನಾನು ನಿಲ್ಲಿಸಿರಲಿಲ್ಲ. ಅವತ್ತಿಂದ ಯಾವ ಅನಿಮೇಷನ್ ನೋಡಿದರೂ ಮೊದಲು ಹುಡುಕೋದು ಅದನ್ನೇ.

ಆದರೆ ಚಿತ್ರ ಚೆನ್ನಾಗಿದ್ದರೆ ಸಾಕು ಅಂತಲ್ಲ. 1995ರ 'ಟಾಯ್ ಸ್ಟೋರಿ' ಪೂರ್ತಿ ಕಂಪ್ಯೂಟರಿನಲ್ಲೇ ಮಾಡಿದ ಮೊದಲ ದೊಡ್ಡ ಸಿನಿಮಾ. ಆಗಿನ ಕಂಪ್ಯೂಟರಿಗೆ ಪ್ಲಾಸ್ಟಿಕ್ಕಿನ ಹೊಳಪು ಬರುತ್ತಿತ್ತು, ಚರ್ಮ, ಕೂದಲು ಸರಿಯಾಗಿ ಬರುತ್ತಿರಲಿಲ್ಲ. ಆಟಿಕೆಗಳ ಕಥೆ ಆರಿಸಿಕೊಂಡದ್ದು ಜಾಣತನ. ಅದರಲ್ಲಿನ ಮನುಷ್ಯರು ಇವತ್ತು ಗೊಂಬೆಗಳಿಗಿಂತ ಗೊಂಬೆಯಾಗಿ ಕಾಣುತ್ತಾರೆ. ಯಾರಾದರೂ ದೂರುತ್ತಾರಾ? ಇಲ್ಲ. ಕಥೆ ಇಷ್ಟೇ: ಹೊಸ ಆಟಿಕೆ ಬಂತು, ಹಳೆಯದಕ್ಕೆ ಜಾಗ ಹೋಯ್ತು. ಎರಡನೇ ಮಗು ಹುಟ್ಟಿದ ಮನೆಯ ಮೊದಲನೆಯದನ್ನು ಕೇಳಿ, ಹೇಳುತ್ತೆ.

ಉಣಕಲ್ ಹಳೇ ಅಂಗಡಿ
ಮಾಸ್ತರ್ ಸಾಹೇಬರು ಅರ್ಧ ಹೇಳಿದರು. ಆ 'ಬ್ಯಾಂಬಿ' ಮೊದಲ ಸಲ ಬಂದಾಗ ಹಾಕಿದ ದುಡ್ಡು ಹುಟ್ಟಲಿಲ್ಲ. 1940ರ 'ಪಿನೋಕಿಯೋ'ದ್ದೂ ಅದೇ ಗತಿ. ಯುರೋಪಿನಲ್ಲಿ ಯುದ್ಧ, ಅಲ್ಲಿನ ಮಾರ್ಕೆಟ್ ಬಂದ್. ಎರಡನ್ನೂ ಮಾಡಿದ ಡಿಸ್ನಿ ಕಂಪನಿಯವರು ಕೆಲವು ವರ್ಷ ಬಿಟ್ಟು ಮತ್ತೆ ಥಿಯೇಟರಿಗೆ ತಂದರು, ಇನ್ನೂ ಕೆಲವು ವರ್ಷ ಬಿಟ್ಟು ಮತ್ತೆ. ಪ್ರತಿ ಸಲ ಹೊಸ ಮಕ್ಕಳು ಹುಟ್ಟಿರುತ್ತಾರಲ್ಲ. ಕ್ಯಾಸೆಟ್ ಕಾಲದಲ್ಲಿ ಸ್ವಲ್ಪ ದಿನ ಮಾರಿ ಒಳಗಿಡೋದು, ಗಿರಾಕಿ ಹಸಿದಿರಲಿ ಅಂತ. ಮರಳಿ ಮರಳಿ ತೋರಿಸುವ ತಾಕತ್ತು ಇದ್ದವರದ್ದೇ ಕ್ಲಾಸಿಕ್.

ನಾನು 2001ರಿಂದ ಹತ್ತು ವರ್ಷ ಸಿಡಿ ಬಾಡಿಗೆ ಅಂಗಡಿ ಇಟ್ಟಿದ್ದೆ. ಮಕ್ಕಳ ಕಪಾಟಿನಲ್ಲಿ 212 ಸಿನಿಮಾ. ರಿಜಿಸ್ಟರ್ ಈಗಲೂ ಅಟ್ಟದ ಮೇಲಿದೆ. ಎರಡನೇ ವರ್ಷಕ್ಕೂ ಬಾಡಿಗೆ ಹೋದದ್ದು ಇಪ್ಪತ್ತೆರಡು ಅಷ್ಟೇ. ಉಳಿದವು ಧೂಳು. ಬಾಡಿಗೆ 15 ರೂಪಾಯಿ, ತಡವಾದರೆ ದಿನಕ್ಕೆ 5. ತಡವಾಗಿ ತಂದವರಲ್ಲಿ ಒಬ್ಬರೂ ಆ 5 ಕೊಟ್ಟಿದ್ದು ನೆನಪಿಲ್ಲ. ಅಂಗಡಿ ಮುಚ್ಚಿದಾಗ ಮೈಮೇಲೆ 1,86,000 ಸಾಲ. ಬೆಟಗೇರಿ ಅಕ್ಕಾರ, ಟೂತ್‌ಪೇಸ್ಟ್ ಹಚ್ಚಿದ ಡಿಸ್ಕ್ ವಾಪಸ್ ಕೊಟ್ಟು "ಮೊದಲೇ ಹಂಗ ಇತ್ತು" ಅಂದವರೇ ನನ್ನನ್ನು ಮುಳುಗಿಸಿದ್ದು.

ಬೆಟಗೇರಿ ಅಕ್ಕ
ನಾನು ಹಚ್ಚಿದ್ದು ನನ್ನ ದುಡ್ಡಿನ ಡಿಸ್ಕಿಗೆ. ನಿಮ್ಮ ಅಂಗಡಿ ಮೆಟ್ಟಿಲು ಹತ್ತಿದವಳಲ್ಲ. ಕಂಡವರ ಮೇಲೆ ಸಾಲ ಹೊರಿಸಬೇಡಿ.

ಬ್ಯಾಡಗಿ ಪ್ರೊಜೆಕ್ಟರ್
ಸಪ್ತಾಪುರದವರೇ, ಪ್ರೊಜೆಕ್ಟರ್ ಬೇಡ. ನನ್ನದು 11,500 ರೂಪಾಯಿ. ಡಬ್ಬದ ಮೇಲೆ ದೊಡ್ಡದಾಗಿ 4ಕೆ, ಅಂದರೆ ತುಂಬಾ ಸ್ಪಷ್ಟ ಚಿತ್ರ ಅಂತ; ಒಳಗಿನದು ಬರೀ 480 ಗೆರೆಯ ಮಸುಕು ಚಿತ್ರ. ಬಿಳಿ ಬಟ್ಟೆ, ಹೊಲಿಗೆ, ರಿಂಗು ಸೇರಿ 900. ಸ್ಟ್ಯಾಂಡ್ 1,250. ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಅಂತಾರೆ. ಸುಗ್ಗಿಯಲ್ಲಿ ಅದರ ಧೂಳು ಪ್ರೊಜೆಕ್ಟರ್ ಫ್ಯಾನಿಗೆ ಹೋದ ಮೇಲೆ ಬಂದು ನೋಡಿ. ಬಿಸಿ ಗಾಳಿ ಮುಖಕ್ಕೆ ಹೊಡೆದು ಮನೆಮಂದಿಯೆಲ್ಲ ಸೀನಿದ್ದೇ ಸೀನಿದ್ದು. ಚಿತ್ರದ ನಡುವೆ ಕಂದು ಕಲೆ. ಹುಬ್ಬಳ್ಳಿಗೆ ಮೂರು ಸಲ ಹೊತ್ತೊಯ್ದೆ. ಮೊದಲ ಸಲ 600, ಎರಡನೇ ಸಲ "ಭಾಗ ಬಂದಿಲ್ಲ", ಮೂರನೇ ಸಲ 2,200.

ಕೆಡುವ ಮುಂಚೆ ಒಂದು ರಾತ್ರಿ ಮಾತ್ರ ವಸೂಲಾಯ್ತು. ಮಾಳಿಗೆ ಮೇಲೆ ಬಟ್ಟೆ ಕಟ್ಟಿ, ಗೆಳೆಯನ ಪೆನ್‌ಡ್ರೈವಿನಲ್ಲಿದ್ದ 1988ರ ಜಪಾನಿ ಸಿನಿಮಾ 'ಟೊಟೊರೊ' ಹಚ್ಚಿದೆ. ಜಪಾನಿ ಮಾತು, ಕೆಳಗೆ ಅಕ್ಷರವೂ ಇಲ್ಲ. ಅದರಲ್ಲಿ ವಿಲನ್ ಇಲ್ಲ, ಹೊಡೆದಾಟ ಇಲ್ಲ. ಅಕ್ಕ-ತಂಗಿ ಮಳೆಯಲ್ಲಿ ಬಸ್‌ಸ್ಟಾಪಿನಲ್ಲಿ ಅಪ್ಪನಿಗಾಗಿ ಕಾಯುತ್ತಾರೆ. ತಂಗಿ ಅಕ್ಕನ ಬೆನ್ನ ಮೇಲೆ ನಿದ್ದೆ. ಪಕ್ಕದಲ್ಲಿ ಒಂದು ದೊಡ್ಡ ಪ್ರಾಣಿ ಬಂದು ನಿಲ್ಲುತ್ತೆ, ತಲೆ ಮೇಲೆ ಒಂದು ಎಲೆ ಅಷ್ಟೇ. ಅಕ್ಕ ಅದಕ್ಕೆ ಅಪ್ಪನ ಛತ್ರಿ ಕೊಡುತ್ತಾಳೆ. ಛತ್ರಿ ಮೇಲೆ ಹನಿ ಬಿದ್ದ ಸದ್ದು ಅದಕ್ಕೆ ಹಿಡಿಸಿಬಿಡುತ್ತೆ. ನಮ್ಮ ಅವ್ವನಿಗೆ 78. ಅವಳ ಬಾಯಲ್ಲಿದ್ದ ಎಲೆ-ಅಡಿಕೆ ಅಲ್ಲೇ ನಿಂತಿತ್ತು. ಮಾರನೇ ದಿನ ದನಕ್ಕೆ ನೀರು ಇಡುತ್ತ ಕೇಳಿದಳು: "ಆ ಹುಡುಗ್ಯಾರ ಅವ್ವಗ ಆರಾಮಾತೇನೋ?" ಆ ಹುಡುಗಿಯರ ತಾಯಿ ಆಸ್ಪತ್ರೆಯಲ್ಲಿರುತ್ತಾಳೆ. ಒಂದು ಮಾತು ಗೊತ್ತಿಲ್ಲದೆ ಅದು ಅವಳಿಗೆ ತಿಳಿದಿತ್ತು. ಆಮೇಲೆ ಮೆಣಸಿನಕಾಯಿ ಸುಗ್ಗಿ ಬಂತು.

ಉಣಕಲ್ ಹಳೇ ಅಂಗಡಿ
ಪೆನ್‌ಡ್ರೈವ್! ನನ್ನ ಅಂಗಡಿ ಸಮಾಧಿಯ ಮೇಲಿನ ಕಲ್ಲು ಅದೇ.

ಗೋಕುಲ ರೋಡ್ 7 ಟಿಕೆಟ್
ಜಪಾನಿಯಲ್ಲಿ ಯಾಕೆ ನೋಡಬೇಕು? ಕನ್ನಡದಲ್ಲಿ ಕೊಟ್ಟರೆ ಅವ್ವ ಊಹೆ ಮಾಡುವ ಕಷ್ಟ ಇರಲ್ಲ. 1990ರ ದಶಕದ ಇಂಡೋ-ಜಪಾನ್ ರಾಮಾಯಣ ಅನಿಮೇಷನ್ ಮೂವತ್ತು ವರ್ಷ ದಾಟಿದ ಮೇಲೆ 2025ರ ಜನವರಿಯಲ್ಲಿ ಮತ್ತೆ ಥಿಯೇಟರಿಗೆ ಬಂತು. ಹಿಂದಿ, ತಮಿಳು, ತೆಲುಗು, ಇಂಗ್ಲಿಷ್. ಕನ್ನಡ ಎಲ್ಲಿ? ಡಬ್ಬಿಂಗ್ ತಡೆಯೋದು ತಪ್ಪು ಅಂತ 2015ರಲ್ಲೇ ಸ್ಪರ್ಧಾ ಆಯೋಗದ, ಅಂದರೆ ವ್ಯಾಪಾರದಲ್ಲಿ ಪೈಪೋಟಿಗೆ ಅಡ್ಡಿ ಬರದಂತೆ ನೋಡಿಕೊಳ್ಳುವ ಕೇಂದ್ರದ ಸಂಸ್ಥೆಯ, ಆದೇಶ ಆಗಿದೆ. ಇನ್ನೂ ನಮ್ಮ ಮಕ್ಕಳು ಬೇರೆ ಭಾಷೆಯಲ್ಲೇ ನಗಬೇಕು, ಬೇರೆ ಭಾಷೆಯಲ್ಲೇ ಅಳಬೇಕು.

ಸಾಧನಕೇರಿ ಡ್ರಾಯಿಂಗ್ ಮಾಸ್ತರ
ಡಬ್ಬಿಂಗ್ ಕಾರ್ಟೂನ್ ನೋಡಿದ ನಮ್ಮ ಅಣ್ಣನ ಮಗ, ಹುಟ್ಟಿದ್ದು ಹಳೇ ಹುಬ್ಬಳ್ಳಿಯಲ್ಲಿ, ನಾಯಿ ಬೆನ್ನತ್ತಿದಾಗ "ಅಯ್ಯೋ ಅಪಾಯ! ಓಡು ಗೆಳೆಯಾ!" ಅಂತ ಕೂಗಿದ. ಓಣಿಯವರೆಲ್ಲ ನಕ್ಕರು. ನಾಯಿಯೂ ನಿಂತುಬಿಡ್ತು.

ಗೋಕುಲ ರೋಡ್ 7 ಟಿಕೆಟ್
ಕನ್ನಡವೇ ತಾನೇ? ಇಂಗ್ಲಿಷಿನಲ್ಲಿ ಕೂಗಿದ್ದರೆ ಬೆನ್ನು ತಟ್ಟುತ್ತಿದ್ದಿರಿ.

ಸಾಧನಕೇರಿ ಡ್ರಾಯಿಂಗ್ ಮಾಸ್ತರ
ಧಾರವಾಡದ ಕನ್ನಡದಲ್ಲಿ ಡಬ್ ಮಾಡಲಿ, ಮೊದಲ ಟಿಕೆಟ್ ನಂದು.

ಸಪ್ತಾಪುರದವ
ಎಲ್ಲರಿಗೂ ಥ್ಯಾಂಕ್ಸ್. ಅವ್ವನಿಗೆ ಆ ಬಸ್‌ಸ್ಟಾಪಿನದ್ದೇ ತೋರಿಸುತ್ತೇನೆ. ಬ್ಯಾಡಗಿಯವರೇ, ಆ ಪ್ರೊಜೆಕ್ಟರ್ ಈಗ ನಡೀತದಾ? ಕೊಡೋದಿದ್ದರೆ ಎಷ್ಟು?

ಬ್ಯಾಡಗಿ ಪ್ರೊಜೆಕ್ಟರ್
4,000. ಬಟ್ಟೆ ಫ್ರೀ. ಸೀನು ಬಂದರೆ ನನ್ನ ಕೇಳಬಾರದು.

ಉಣಕಲ್ ಹಳೇ ಅಂಗಡಿ
ಬೇಡ ಬೇಡ ಅಂದವನೇ ಮಾರಲು ಕೂತಿದ್ದ, ನೋಡಿ! ಸಪ್ತಾಪುರದವರೇ, ಡಿವಿಡಿ ಬೇಕಿದ್ದರೆ ನನ್ನ ಹತ್ತಿರ ಅರವತ್ತು ಉಳಿದಿವೆ. ತಲಾ 20.

ಬೆಟಗೇರಿ ಅಕ್ಕ
ಮೀನಿನದು ಇದೆಯಾ? ಗೀರು ಇಲ್ಲದ್ದು ಇದ್ದರೆ ಒಂದು ತೆಗೆದಿಡಿ.