ಸಹಾಯ ಬೇಕು: ನೆರಳು ಬೆಳಕಿಗಿಂತ ಜೋರಾಗಿ ಓಡುತ್ತಾ?

ನಮಸ್ಕಾರ, ನಮ್ಮದು ಮಧುಗಿರಿ. ಮೊನ್ನೆ ಕರೆಂಟ್ ಹೋದಾಗ ಮಗಳು ಕೇಳಿದಳು, "ಅಪ್ಪಾ, ದೀಪ ಹಚ್ಚಿದರೆ ಕತ್ತಲೆ ಎಲ್ಲಿಗೆ ಹೋಗುತ್ತೆ?" ಬೆಳಕು ಇಲ್ಲದಿರುವುದೇ ಕತ್ತಲೆ, ಅದು ಎಲ್ಲಿಗೂ ಹೋಗಲ್ಲ ಎಂದೆ. ಅಷ್ಟಕ್ಕೆ ಸುಮ್ನಿರಬೇಕಿತ್ತು. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ, ಅದನ್ನು ಯಾವುದೂ ಮೀರಿಸಲ್ಲ ಅಂತ ಸೇರಿಸಿ ಸಿಕ್ಕಿಬಿದ್ದೆ.

ಟಾರ್ಚ್ ಮುಂದೆ ಬೆರಳು ಆಡಿಸಿದಳು. ಹತ್ತಿರದ ಗೋಡೆಯಲ್ಲಿ ನೆರಳು ಮೆಲ್ಲಗೆ ಸರಿಯಿತು, ಬೀದಿಯಾಚೆಯ ಗೋಡೆಯಲ್ಲಿ ಸರ್ರನೆ ಓಡಿತು. "ಗೋಡೆ ಚಂದ್ರನಷ್ಟು ದೂರ ಇದ್ದರೆ ನೆರಳು ಬೆಳಕನ್ನೇ ಹಿಂದೆ ಹಾಕುತ್ತೆ, ಅಲ್ವಾ?"

ಹೈಸ್ಕೂಲ್ ಪುಸ್ತಕ ತಿರುವಿದೆ, ಉತ್ತರ ಸಿಗಲಿಲ್ಲ. ಕತ್ತಲೆ ವಸ್ತುವೇ ಅಲ್ಲ ಅಂದಮೇಲೆ ಗೋಡೆ ಮೇಲೆ ಓಡುತ್ತಿರುವುದು ಏನು? ಬೆಳಕಿನ ವೇಗದ ಮಿತಿ ನೆರಳಿಗೂ ಇದೆಯಾ, ಇಲ್ವಾ? ಏಳನೇ ಕ್ಲಾಸಿನವಳಿಗೆ ಅರ್ಥವಾಗುವ ಹಾಗೆ ಯಾರಾದರೂ ಹೇಳುತ್ತೀರಾ?